ಟೇಕ್ ಅನ್ನುವ ಒಂದೇ ಪದ ಹಿಡ್ಕೊಂಡು ಇಂಗ್ಲಿಷ್ ಕಲಿಯುದು ಹೇಗೆ

ಉಡುಪಿಯಲ್ಲಿ ನಮ್ಮ ಮನೆಗೆ ಸಂಜೆ ಹೊತ್ತು ಇಂಗ್ಲಿಷ್ ಓದ್ಲಿಕ್ಕೆ ಬರುವ ಪಿಯುಸಿ ಮಕ್ಕಳಿಗೆ ನಾನು ಮೊದಲ ದಿನವೇ ಹೇಳುದು, ಟೇಕ್ ಪದದ ಅರ್ಥ ಎಲ್ಲ ಬಾಯಿಪಾಠ ಮಾಡ್ಲಿಕ್ಕೆ ಹೋಗ್ಬೇಡಿ ಅಂತ. ದೊಡ್ಡ ಡಿಕ್ಷನರಿಯಲ್ಲಿ ಅದು ಪುಟಗಟ್ಟಲೆ ಉಂಟು. ಸಣ್ಣ ಪದಗಳೇ ಹಾಗೆ, 1989ರ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದ್ದದ್ದು ಸೆಟ್ ಅನ್ನುವ ಪದಕ್ಕೆ.

ಮೊದಲು ಒಂದು ನೋಟ್‌ಬುಕ್ಕಲ್ಲಿ ಟೇಕ್ ಬರುವ ಹತ್ತು ವಾಕ್ಯ ಬರೀರಿ, ಅದರ ಎದುರು ಮನೆಯಲ್ಲಿ ನಾವು ಹೇಗೆ ಹೇಳ್ತೇವೋ ಹಾಗೇ ಕನ್ನಡ ಬರೀರಿ, ಪುಸ್ತಕದ ಕನ್ನಡ ಬೇಡ. ಟೇಕ್ ದ ಮೆಡಿಸಿನ್ ಅಂದ್ರೆ ಮದ್ದು ತಗೋ. ಟೇಕ್ ಎ ಫೋಟೋ ಅಂದ್ರೆ ಫೋಟೋ ತೆಗಿ. ಇಟ್ ಟೇಕ್ಸ್ ಟು ಅವರ್ಸ್ ಅಂದ್ರೆ ಎರಡು ಗಂಟೆ ಹಿಡೀತದೆ. ಅಜ್ಜಿಗೆ ಎಂತದಾದ್ರೂ ಟೇಕ್ ಮಾಡುದಾದ್ರೆ ಕೊಂಡೋಗುದು. ಈಗ ಬಲಬದಿ ಮಾತ್ರ ಓದಿ ನೋಡಿ, ತೆಗೆ, ಕೊಳ್ಳು, ಹಿಡಿ, ಇದೇ ಮೂರು ತಿರುಗಿ ತಿರುಗಿ ಬರ್ತದೆ. ಕೈ ಚಾಚಿ ಒಂದನ್ನು ಹಿಡಿದು ತನ್ನ ಕಡೆ ಮಾಡಿಕೊಳ್ಳುದು, ಅದೇ ಬುಡದ ಅರ್ಥ, ಬಾಕಿದ್ದೆಲ್ಲ ಅದರ ಕೊಂಬೆ.

ಆಮೇಲೆ ಪದದ ಹುಟ್ಟು ನೋಡ್ಬೇಕು. ಒಳ್ಳೆ ಡಿಕ್ಷನರಿಯಲ್ಲಿ ಅದನ್ನು ಬೇರೆಯೇ ಕೊಟ್ಟಿರ್ತಾರೆ, ನಾವು ಅಲ್ಲಿಗೆ ಹೋಗುದೇ ಇಲ್ಲ. ಟೇಕ್ ಮೂಲದಲ್ಲಿ ಇಂಗ್ಲಿಷೇ ಅಲ್ಲ, ವೈಕಿಂಗರು ಆಡ್ತಿದ್ದ ಹಳೇ ನಾರ್ಸ್ ಭಾಷೆಯ ಟಾಕಾ. 793ರಲ್ಲಿ ಈ ವೈಕಿಂಗರು, ಅಂದ್ರೆ ಸ್ಕ್ಯಾಂಡಿನೇವಿಯಾ ಕಡೆಯ ಕಡಲ ದಾಳಿಕೋರರು, ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ಮಠಕ್ಕೆ ನುಗ್ಗಿದ್ರಲ್ಲ, ಆಮೇಲೆ ಅವರ ಕಡೆಯವರು ಇಂಗ್ಲೆಂಡಿನ ಉತ್ತರ, ಪೂರ್ವ ಬದಿಯಲ್ಲಿ ಮನೆ ಮಾಡಿ ಕೂತ್ರು, ಅಕ್ಕಪಕ್ಕ ಇದ್ದು ಮದುವೆ ಸಂಬಂಧ ಬೆಳೆದು ಎಗ್, ಸ್ಕೈ, ವಿಂಡೋ, ನೈಫ್, ಹಸ್ಬೆಂಡ್, ಕೊನೆಗೆ ದೇ ಅನ್ನುವ ಸರ್ವನಾಮ ಕೂಡ ಇಂಗ್ಲಿಷಿಗೆ ಬಂತು. ಟೇಕ್ ಬರಹದಲ್ಲಿ ಕಾಣುದು 11ನೇ ಶತಮಾನದಿಂದ.

ಹಾಗಾದ್ರೆ ಅದಕ್ಕಿಂತ ಮುಂಚೆ ಇಂಗ್ಲಿಷಿನವರು ಎಂತ ಹೇಳ್ತಿದ್ರು? ನಿಮನ್. ಜರ್ಮನಿನಲ್ಲಿ ಇವತ್ತಿಗೂ ನೇಮೆನ್ ಉಂಟು. ಇಂಗ್ಲಿಷಲ್ಲಿ ಅದು ಸತ್ತು ಹೋಯ್ತು, ಆದ್ರೆ ಅದರ ಒಂದು ತುಂಡು ಮರಗಟ್ಟಿದ್ದಕ್ಕೆ ಹೇಳುವ ನಂಬ್ ಅನ್ನುವ ಪದದಲ್ಲಿ ಉಳಿದಿದೆ, ಮೂಲದಲ್ಲಿ ಅದರ ಅರ್ಥ ಹಿಡಿಯಲ್ಪಟ್ಟದ್ದು ಅಂತ. ಕೊನೆಯ ಬಿ ಅಕ್ಷರ ಆಮೇಲೆ ಬರಹದಲ್ಲಿ ಸೇರಿದ್ದು. ಈಗ ನೋಡಿ, ಚಕ್ಕಳ ಮಕ್ಕಳ ಹಾಕಿ ತುಂಬ ಹೊತ್ತು ಕೂತು ಎದ್ರೆ ನಾವು ಎಂತ ಹೇಳ್ತೇವೆ, ಕಾಲು ಜೋಮು ಹಿಡೀತು ಅಂತ ಅಲ್ವಾ! ಅಲ್ಲೂ ಹಿಡಿಯುದೇ. ಇದನ್ನು ಮೊದಲ ಸಲ ಗಮನಿಸಿದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಇಲ್ಲೊಂದು ಕಡೆ ಜಾಗ್ರತೆ ಬೇಕು. ಟೇಕ್, ತೆಗೆ, ಕೇಳ್ಲಿಕ್ಕೆ ಒಂದೇ ಹಾಗೆ ಉಂಟಲ್ಲ, ಒಂದರಿಂದ ಒಂದು ಬಂದದ್ದು ಅಂತ ದಯವಿಟ್ಟು ಹೇಳ್ಬೇಡಿ. ಅದು ಜರ್ಮಾನಿಕ್, ಇದು ದ್ರಾವಿಡ, ಕುಟುಂಬವೇ ಬೇರೆ. ಸದ್ದು ಕೂಡಿದ ಕೂಡಲೇ ನೆಂಟಸ್ತಿಕೆ ಆಗುದಿಲ್ಲ, ಹಳೇ ರೂಪ ಎಂತದು, ಯಾವ ಕಾಲದ್ದು, ಅಕ್ಕಪಕ್ಕದ ಭಾಷೆಯಲ್ಲಿ ಹೇಗುಂಟು, ಇಷ್ಟು ನೋಡಿಯೇ ಹೇಳ್ಬೇಕು.

ಕನ್ನಡದ ಬದಿಗೆ ಕಿಟ್ಟೆಲ್ ಕೋಶ ತೆರೆದು ನೋಡಿ, 1894ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿಂದಲೇ ಬಂದದ್ದು. ಕೊಳ್ ಅನ್ನುವ ಧಾತುವಿಗೆ ಹಿಡಿಯುದು, ಪಡೆಯುದು, ಕ್ರಯಕ್ಕೆ ಪಡೆಯುದು ಎಲ್ಲ ಅರ್ಥ ಇದೆ. ಮಾರ್ಕೆಟಿಂದ ಬಂಗುಡೆ ತಗೊಂಡೆ ಅಂದ್ರೆ ದುಡ್ಡು ಕೊಟ್ಟಾಯ್ತು ಅಂತಲೇ ಅರ್ಥ, ಅಂಗಡಿಯಲ್ಲಿ ಐ ವಿಲ್ ಟೇಕ್ ಇಟ್ ಅಂದ್ರೂ ಹಾಗೇ. ಮನೆಯಲ್ಲಿ ತುಳು ಮಾತಾಡುವವರು ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ ತಂದ ಆರು ಸಂಪುಟದ ತುಳು ನಿಘಂಟನ್ನೂ ಪಕ್ಕದಲ್ಲಿಟ್ಟು ನೋಡಿ.

ಕೊನೆಗೆ ಬಾಲದ ಪದಗಳು, ಅಂದ್ರೆ ಟೇಕ್ ಹಿಂದೆ ಆಫ್ ಹಾಗಿನ ಸಣ್ಣ ಪದ ಅಂಟಿಕೊಂಡದ್ದು. ಟೇಕ್ ಆಫ್ ಅಂದ್ರೆ ಚಪ್ಪಲ್ ತೆಗೆಯುದೂ ಹೌದು, ಬಜ್ಪೆಯಲ್ಲಿ ವಿಮಾನ ಏಳುದೂ ಹೌದು, ಎರಡರಲ್ಲೂ ಆಫ್ ಅಂದ್ರೆ ಅಂಟಿದ್ದು ಬಿಟ್ಟು ದೂರ ಆಗುದು. ಬಾಲಕ್ಕೆ ಮೊದಲು ಅರ್ಥ ಹುಡುಕಿ, ಅರ್ಧ ಕೆಲಸ ಆಯ್ತು. ಬ್ರಿಂಗ್, ಟೇಕ್ ಗೊಂದಲ ಆದ್ರೆ ಕೊಂಡ್ಬಾ, ಕೊಂಡೋಗು ನೆನಪು ಮಾಡ್ಕೊಳ್ಳಿ, ಸಾಮಾನ್ಯವಾಗಿ ತಪ್ಪುದಿಲ್ಲ. ಪರೀಕ್ಷೆ ಮಾತ್ರ ನಾವು ಬರೆಯುದು, ಇಂಗ್ಲಿಷಿನವರು ಟೇಕ್ ಮಾಡುದು.

ಟೇಕ್ ಮುಗಿದ ಮೇಲೆ ಗೆಟ್ ಹಿಡೀರಿ. ಅದೂ ನಾರ್ಸಿಂದ ಬಂದದ್ದೇ, ಆದ್ರೆ ಅದರ ಅಚ್ಚ ಇಂಗ್ಲಿಷ್ ದಾಯಾದಿ ಫರ್ಗೆಟ್ ಪದದ ಒಳಗೆ ಉಂಟು, ಅದು ಹೇಗೆ ಅಂತ ಹೀಗೇ ನೋಟ್‌ಬುಕ್ ಇಟ್ಟು ಹುಡುಕಿ ನೋಡಿ.