ಕಿವಿ ಅಚ್ಚಿನ ಇಯರ್‌ಫೋನ್: ದಿನಬಳಕೆಗೆ ಬಾಳಿಸಿದ್ದು ಹೀಗೆ

ಕಸ್ಟಮ್ ಇನ್-ಇಯರ್ ಮಾನಿಟರ್, ಅಂದರೆ ನಮ್ಮದೇ ಕಿವಿಯ ಅಚ್ಚು ತೆಗೆದು ಮಾಡಿಸುವ ಇಯರ್‌ಫೋನ್, ವೇದಿಕೆಯ ಗಾಯಕರಿಗೆ ಸರಿ, ಬಸ್ಸಿನಲ್ಲಿ ಹಾಕಿಕೊಂಡು ಓಡಾಡಿದರೆ ಎರಡು ವರ್ಷವೂ ಬರಲ್ಲ ಅಂದವರೇ ಹೆಚ್ಚು. ನನ್ನ ಜೋಡಿಗೆ ನಾಲ್ಕು ವರ್ಷ ದಾಟಿತು. ದಿನಕ್ಕೆ ಮೂರು ಗಂಟೆಯಾದರೂ ಕಿವಿಯಲ್ಲಿರುತ್ತದೆ. ಅಕ್ರಿಲಿಕ್ ಶೆಲ್ (ಹೊರಕವಚ) ಬಿರುಕು ಬಿಟ್ಟಿಲ್ಲ, ಡ್ರೈವರ್ (ಒಳಗಿನ ಪುಟ್ಟ ಸ್ಪೀಕರ್) ಒಂದೂ ಸತ್ತಿಲ್ಲ. ಬದಲಾದದ್ದು ಕೇಬಲ್ ಮಾತ್ರ, ಅದೂ ಎರಡೇ ಸಲ.

ದುಡ್ಡು ಕಳೆದದ್ದು ಮೊದಲ ಅಚ್ಚಿನಲ್ಲಿ. ಹಿಯರಿಂಗ್ ಏಡ್‌ಗೆ ತೆಗೆಯುವ ಹಾಗೆ ಬಾಯಿ ಮುಚ್ಚಿಸಿ, ಕಿವಿಯ ಕಾಲುವೆಯ ಮೊದಲ ತಿರುವಿನ ಹತ್ತಿರವೇ ಫೋಮ್ ತಡೆ ಇಟ್ಟು ಸಿಲಿಕೋನ್ ತುಂಬಿದ್ದರು. ಮಾನಿಟರಿಗೆ ಅದು ಸಾಲದು. ದವಡೆ ಆಡಿದಾಗ ಕಿವಿಯ ಕಾಲುವೆಯ ಆಕಾರವೇ ಬದಲಾಗುತ್ತದೆ, ಶೆಲ್ ಸಡಿಲವಾಗಿ ಗಾಳಿ ನುಗ್ಗುತ್ತದೆ. ಕೂತು ಕೇಳುವಾಗ ಎಲ್ಲ ಚೆನ್ನ. ಮಾತಾಡಿದರೆ ಸಾಕು, ಮೃದಂಗದ ಎಡಗೈ ಗುಮುಕಿಯ ಆಳದ ದನಿ ಮಾಯ, ಬಲಗೈ ಚಾಪು ಮಾತ್ರ ಉಳಿಯುತ್ತದೆ. ರೀಫಿಟ್ (ಶೆಲ್ಲನ್ನು ಮತ್ತೆ ಕಿವಿಗೆ ಹೊಂದಿಸಿಕೊಡುವುದು) ಉಚಿತವಾಗಿದ್ದರೂ ಹೊಸ ಅಚ್ಚು, ಹೋಗಿಬರುವ ಕೊರಿಯರ್, ಕಸ್ಟಮ್ಸ್ ಸುಂಕ ಸೇರಿ 6,000 ರೂಪಾಯಿ ಹತ್ತಿರ ಹೋಯಿತು. ಮಾನಿಟರಿಗೆ ಕೊಟ್ಟದ್ದು 38,000ದ ಆಸುಪಾಸು.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವ ರಾಜ್ಯ ನಮ್ಮದು, ಇಲ್ಲಿ ಕಿವಿಯ ಅಚ್ಚು ತೆಗೆಯುವ ನುರಿತ ಆಡಿಯಾಲಜಿಸ್ಟ್‌ಗಳಿಗೆ (ಶ್ರವಣ ತಜ್ಞರಿಗೆ) ಬರವಿಲ್ಲ. ಆದರೆ ಅವರ ದಿನನಿತ್ಯದ ಕೆಲಸ ಹಿಯರಿಂಗ್ ಏಡ್, ಹಾಗಾಗಿ ನಮಗೆ ಬೇಕಾದ್ದನ್ನು ನಾವೇ ಬಿಡಿಸಿ ಹೇಳಬೇಕು. ತಡೆ ಎರಡನೇ ತಿರುವನ್ನು ದಾಟಿರಲಿ. ಬಾಯಿ ತೆರೆದೇ ಇರಲು ಹಲ್ಲುಗಳ ನಡುವೆ ಒಂದಿಂಚಿನ ಬೈಟ್ ಬ್ಲಾಕ್ ಇರಲಿ. ಸಿಲಿಕೋನ್ ಗಟ್ಟಿಯಾಗುವ ಐದು ನಿಮಿಷ ಎಂಜಲನ್ನೂ ನುಂಗಬೇಡಿ. ಹೊರಗಿವಿಯ ಬಟ್ಟಲೂ ಮೇಲಿನ ಮಡಿಕೆಯೂ ಪೂರ್ತಿ ತುಂಬಬೇಕು. ಗುಗ್ಗೆಯನ್ನು ವಾರ ಮುಂಚೆಯೇ ತೆಗೆಸಿಕೊಂಡಿರಿ. ಹೊರಬಂದ ಅಚ್ಚನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಕಾಲುವೆಯ ಭಾಗದಲ್ಲಿ ಗುಳ್ಳೆಯೋ ನೆರಿಗೆಯೋ ಕಂಡರೆ ಅಲ್ಲೇ ಇನ್ನೊಂದು ತೆಗೆಸಿ. ನಾನು ಎಡಗಿವಿಗೆ ಮೂರು ತೆಗೆಸಿದೆ. ಮಾನಿಟರ್ ಮಾಡುವ ಲ್ಯಾಬಿಗೆ ಕಳಿಸುವ ಮುನ್ನ ಅಚ್ಚಿನ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆಯುತ್ತೇನೆ. ಎಲ್ಲಿ ಎನ್ನುವುದು ನನ್ನಲ್ಲೇ ಇರಲಿ. ಆದರೆ ಎರಡನೇ ಸಲ ಫಿಟ್ ಕೂತದ್ದರಲ್ಲಿ ಆ ಗೆರೆಯ ಪಾಲು ದೊಡ್ಡದು.

ಡ್ರೈವರ್ ಎಣಿಕೆಗೆ ಮರುಳಾಗಬೇಡಿ. ನನ್ನದರಲ್ಲಿ ಕಿವಿಗೆ ಮೂರೇ, ಬ್ಯಾಲೆನ್ಸ್ಡ್ ಆರ್ಮೆಚರ್ ಎಂಬ ಪುಟ್ಟ ಬಗೆಯವು. ಬೆಸುಗೆ ಕಡಿಮೆಯಿದ್ದಷ್ಟೂ ಕೆಡುವ ಜಾಗ ಕಡಿಮೆ. ಸಾಮಾನ್ಯ ಸ್ಪೀಕರಿನ ಹಾಗೆ ಪೊರೆ ಅಲುಗಿಸುವ ಡೈನಮಿಕ್ ಡ್ರೈವರಿನ ಬಾಸ್ ನನಗೂ ಇಷ್ಟ, ಆದರೆ ಅದಕ್ಕೆ ಸಾಮಾನ್ಯವಾಗಿ ಗಾಳಿತೂತು ಬೇಕು. ನಮ್ಮ ಬೇಸಿಗೆಯಲ್ಲಿ ಆ ತೂತಿನಿಂದಲೇ ಬೆವರು ಇಳಿಯುತ್ತದೆ. ಕೇಬಲ್ ಸಿಕ್ಕಿಸುವ ಕನೆಕ್ಟರ್ 0.78 ಮಿ.ಮೀ. ಟೂ ಪಿನ್. ಎಂಎಂಸಿಎಕ್ಸ್ ಎಂಬ ಇನ್ನೊಂದು ಬಗೆಯ ಗುಂಡು ಕನೆಕ್ಟರ್ ಗಿರಗಿರ ತಿರುಗುತ್ತದೆ, ತಿರುಗಿ ತಿರುಗಿ ಸವೆಯುತ್ತದೆ. ಹಳೆಯ ಜೋಡಿಯೊಂದು ಒಂದೂವರೆ ವರ್ಷಕ್ಕೆ ಕರಕರ ಶುರುಮಾಡಿತ್ತು. ಟೂ ಪಿನ್ ಕೀಳುವಾಗ ಓರೆ ಮಾಡದೆ ನೇರ ಎಳೆಯಿರಿ, ತಿಂಗಳಿಗೊಮ್ಮೆ ಕೀಳುವುದೂ ಹೆಚ್ಚೇ.

ಮಳೆಗಾಲದ ತೇವಕ್ಕೆ ಅಕ್ಕಿ ಡಬ್ಬಿಯನ್ನೂ ಪರೀಕ್ಷಿಸಿದೆ. ಮಾಡಬೇಡಿ. ಅಕ್ಕಿಯ ನುಣ್ಣನೆ ಪುಡಿ ಶೆಲ್ಲಿನ ತೂತಿಗೆ ಕೂತು, ಒಳಗಿನ ಗುಗ್ಗೆಯ ಜೊತೆ ಅಂಟಾಗಿ, ಬಲಗಡೆಯ ದನಿ ಅರ್ಧಕ್ಕೆ ಇಳಿಯಿತು. ಹಿಯರಿಂಗ್ ಏಡ್ ಅಂಗಡಿಯಲ್ಲಿ ಸಿಗುವ ಸಣ್ಣ ತಂತಿ ಕುಣಿಕೆಯಿಂದ, ತೂತನ್ನು ಕೆಳಮುಖ ಮಾಡಿ ಹಿಡಿದು, ಎರಡು ದಿನ ಸ್ವಲ್ಪಸ್ವಲ್ಪವೇ ಕೆರೆದು ತೆಗೆದೆ. ಕುಣಿಕೆ ಆಳಕ್ಕೆ ಇಳಿದರೆ ಡ್ಯಾಂಪರ್ (ದನಿ ಹದಗೊಳಿಸುವ ಒಳಗಿನ ತೆಳು ಜಾಲರಿ) ಹರಿಯುತ್ತದೆ. ಈಗ ಮುಚ್ಚಳ ಬಿಗಿಯಿರುವ ಡಬ್ಬಿಯಲ್ಲಿ ಕಿತ್ತಳೆ ಬಣ್ಣದ ಸಿಲಿಕಾ ಜೆಲ್, 50 ಗ್ರಾಂ. ಬಣ್ಣ ಹಸಿರಿಗೆ ತಿರುಗಿದಾಗ ಹೊಸ ಪೊಟ್ಟಣ.

ಒರೆಸಲು ಒಣ ಮೈಕ್ರೋಫೈಬರ್ ಬಟ್ಟೆ ಸಾಕು. ಸ್ಪಿರಿಟ್ ಮುಟ್ಟಿಸಿದರೆ ಅಕ್ರಿಲಿಕ್ ಮಂಜು ಕವಿದಂತಾಗುತ್ತದೆ, ಕೊನೆಗೆ ಕೂದಲೆಳೆ ಬಿರುಕು.

ಪಾರ್ಸೆಲ್ ಬಂದ ದಿನವೇ ಫೋನಿನ ಟೋನ್ ಆ್ಯಪ್‌ನಲ್ಲಿ 50 ಹರ್ಟ್ಸ್ ಹಾಕಿ, ಕೋಡುಬಳೆ ಅಗಿಯುತ್ತಾ ಐದು ನಿಮಿಷ ಕೇಳಿ. ದನಿ ತೆಳುವಾದ ಕಿವಿ ಯಾವುದೆಂದು ಬರೆದಿಟ್ಟುಕೊಂಡು, ರೀಫಿಟ್ ಅವಧಿ ಮುಗಿಯುವುದರೊಳಗೆ ವಾಪಸ್ ಕಳಿಸಿ. ನನಗೆ ಸಿಕ್ಕಿದ್ದು 30 ದಿನ.