ಮರಳಿನ ಜಾಡು ಹಿಡಿದು ಗುಡ್ಡದಿಂದ ಕಡಲಿಗೆ

ಕಡಲ ಕೊರೆತ ನೋಡಬೇಕು ಅಂದರೆ ಎಲ್ಲರೂ ಕಡಲಿಗೇ ಹೋಗುತ್ತಾರೆ. ನಾನು ಮೊದಲು ಗುಡ್ಡ ಹತ್ತುತ್ತೇನೆ. ಭೂಗೋಳ ಓದುವ ಮಕ್ಕಳಿಗೆ ಫೀಲ್ಡ್‌ವರ್ಕ್ ಮಾಡಿಸುವುದು ನನ್ನ ಕೆಲಸ. ಒಂದು ಹೊಳೆ ಆರಿಸಿಕೊಂಡು, ಅದು ಹುಟ್ಟುವ ಕಡೆಯಿಂದ ಅಳಿವೆಯವರೆಗೆ ಹಂತ ಹಂತವಾಗಿ ನೋಡುತ್ತಾ ಬರುತ್ತೇವೆ. ನಿಂತಲ್ಲೆಲ್ಲ ಕೇಳುವುದು ಒಂದೇ: ಇಲ್ಲಿರುವ ಮಣ್ಣು, ಕಲ್ಲು, ಮರಳು ಎಲ್ಲಿಂದ ಬಂತು? ಎಲ್ಲಿಗೆ ಹೊರಟಿದೆ? ನಡುವೆ ಯಾರಾದರೂ ತಡೆದಿದ್ದಾರಾ?

ಗುಡ್ಡದಲ್ಲಿ ಮೊದಲು ನೋಡುವುದು ಮರಗಳ ಬುಡ. ಕಾಂಡ ಬುಡದಲ್ಲಿ ಇಳಿಜಾರಿನ ಕಡೆಗೆ ಬಾಗಿ, ಆಮೇಲೆ ನೆಟ್ಟಗೆ ಎದ್ದಿದ್ದರೆ, ಅಲ್ಲಿ ಮಣ್ಣು ನಿಧಾನವಾಗಿ ಕೆಳಗೆ ಸರಿಯುತ್ತಿರಬಹುದು. ಆದರೆ ಒಂದು ಮರ ನೋಡಿ ತೀರ್ಮಾನಕ್ಕೆ ಬರಬಾರದು. ಮರ ಬೆಳಕಿಗಾಗಿಯೂ ಬಾಗುತ್ತದೆ. ಪಕ್ಕದ ಮರಗಳು, ಬೇಲಿ ಕಂಬಗಳು ಎಲ್ಲವೂ ಒಂದೇ ಕಡೆ ವಾಲಿದ್ದರೆ ಆಗ ನಂಬುತ್ತೇನೆ. ಇಳಿಜಾರು ಅಳೆಯಲು ಕೋನಮಾಪಕದ ನಡುವೆ ದಾರ ಕಟ್ಟಿ, ಅದಕ್ಕೊಂದು ಸಣ್ಣ ಭಾರ ನೇತು ಹಾಕಿದರೆ ಸಾಕು. ರಸ್ತೆಗಾಗಿ ಗುಡ್ಡದ ಬುಡ ಕಡಿದ ಕಡೆ ಇದನ್ನು ತಪ್ಪದೆ ಮಾಡಿಸುತ್ತೇನೆ. ಮೇಲೆ ಸಹಜ ಇಳಿಜಾರು, ಕೆಳಗೆ ಹೆಚ್ಚುಕಮ್ಮಿ ನೆಟ್ಟಗಿನ ಗೋಡೆ. ಆಸರೆ ಹೋಯಿತು. ಜೋರು ಮಳೆಗೆ ಮಣ್ಣು ನೆನೆದು ಭಾರವಾದಾಗ ಅದು ಜಾರದೆ ಇನ್ನೇನು ಮಾಡೀತು?

ಹಾಗಂತ ಮನುಷ್ಯ ಮುಟ್ಟಿದ್ದೆಲ್ಲ ಹಾಳಾಗುತ್ತದೆ ಎನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ಫಿಲಿಪ್ಪೀನ್ಸ್‌ನ ಇಫುಗಾವೊ ಜನ ಕಡಿದಾದ ಬೆಟ್ಟಗಳನ್ನು ಮೆಟ್ಟಿಲು ಗದ್ದೆ ಮಾಡಿ ಮಣ್ಣು, ನೀರು ಎರಡನ್ನೂ ಹಿಡಿದಿಟ್ಟರು. ಅಲ್ಲಿ ಕಷ್ಟ ಶುರುವಾಗುವುದು ಜನ ಗದ್ದೆ ಬಿಟ್ಟು ಹೋದಾಗ, ಅಂಚು ಕಟ್ಟುವವರು ಇಲ್ಲದಾದಾಗ.

ಹೊಳೆಗೆ ಇಳಿದ ಮೇಲೆ ಕಲ್ಲಿನ ಕೆಲಸ. ನನಗೆ ಇದೇ ಇಷ್ಟ. ಮೇಲ್ಭಾಗ, ನಡುಭಾಗ, ಕೆಳಭಾಗ, ಮೂರೂ ಕಡೆ ಕಲ್ಲು ಆರಿಸಿ ಉದ್ದ ಅಳೆಯುತ್ತೇವೆ. ಆರಿಸುವಾಗ ಕಣ್ಣು ಮುಚ್ಚಿಕೊಂಡು ಕೈಗೆ ಸಿಕ್ಕಿದ್ದನ್ನೇ ಎತ್ತಬೇಕು. ಇಲ್ಲದಿದ್ದರೆ ಎಲ್ಲರೂ ಚೆಂದದ ಕಲ್ಲನ್ನೇ ಎತ್ತುತ್ತಾರೆ! ಉರುಟುತನ ಗುರುತಿಸಲು ಭೂವಿಜ್ಞಾನಿ ಎಂ. ಸಿ. ಪವರ್ಸ್ 1953ರಲ್ಲಿ ಕೊಟ್ಟ ಆರು ದರ್ಜೆಯ ಪಟ್ಟಿ ಬಳಸುತ್ತೇವೆ. ತೀರಾ ಮೊನಚು ಒಂದು ತುದಿ, ಪೂರ್ತಿ ಉರುಟು ಇನ್ನೊಂದು ತುದಿ. ಸಾಮಾನ್ಯವಾಗಿ ಕೆಳಗೆ ಹೋದಂತೆ ಕಲ್ಲು ಸಣ್ಣದಾಗಿ ನುಣುಪಾಗುತ್ತದೆ. ನಡುವೆ ಒಮ್ಮೆಲೇ ದೊಡ್ಡ ಮೊನಚು ಕಲ್ಲುಗಳು ಸಿಕ್ಕರೆ ಸುತ್ತ ನೋಡಬೇಕು. ಉಪನದಿ ಸೇರಿರಬಹುದು, ದಡ ಕುಸಿದಿರಬಹುದು, ಯಾರೋ ಕ್ವಾರಿಯ ಕಲ್ಲು ಸುರಿದಿರಬಹುದು.

ಅಣೆಕಟ್ಟು ಸಿಕ್ಕಿದರೆ ಅಲ್ಲಿಗೆ ಜಾಡು ತುಂಡಾಗುತ್ತದೆ. ನೈಲ್ ನದಿ ವರ್ಷಕ್ಕೆ 10 ಕೋಟಿ ಟನ್‌ಗೂ ಜಾಸ್ತಿ ಹೂಳು ತರುತ್ತಿತ್ತು. 1970ರಲ್ಲಿ ಆಸ್ವಾನ್ ದೊಡ್ಡ ಅಣೆಕಟ್ಟು ಮುಗಿದ ಮೇಲೆ ಅದರಲ್ಲಿ ಹೆಚ್ಚಿನದು ಅಣೆಕಟ್ಟಿನ ಹಿಂದೆ ನಿಂತ ನಾಸರ್ ಸರೋವರದಲ್ಲೇ ಉಳಿಯಿತು. ಅತ್ತ ನದಿ ಕಡಲು ಸೇರುವ ಕಡೆ ರೊಸೆಟ್ಟಾದಲ್ಲಿ ದಡ ಹಿಂದೆ ಸರಿಯಿತು. ಕಡಲ ತೀರವೆಂದರೆ ಬ್ಯಾಂಕ್ ಪಾಸ್‌ಬುಕ್ ಇದ್ದ ಹಾಗೆ. ಜಮೆ ನಿಂತು ಖರ್ಚು ಮಾತ್ರ ನಡೆದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ.

ತೀರದಲ್ಲಿ ನಮ್ಮ ಉಪಕರಣ ಎಂದರೆ ಒಂದೇ ಎತ್ತರದ ಎರಡು ಕೋಲು, ಒಂದು ಹಗ್ಗ. ಕಡಲ ಭೂವಿಜ್ಞಾನಿ ಕೆ. ಒ. ಎಮರಿ 1961ರಲ್ಲಿ ಹೇಳಿಕೊಟ್ಟ ವಿಧಾನ ಇದು. ನೆಲದ ಕಡೆ ಒಂದು ಕೋಲು, ನೀರಿನ ಕಡೆ ಇನ್ನೊಂದು, ನಡುವೆ ಹಗ್ಗದಷ್ಟು ಅಂತರ. ನೀರಿನ ಕಡೆಯ ಕೋಲಿನ ತುದಿಯೂ ದಿಗಂತವೂ ಒಂದೇ ಗೆರೆಗೆ ಬರುವಂತೆ ಕಣ್ಣು ಇಡಬೇಕು. ಆ ಗೆರೆ ನೆಲದ ಕಡೆಯ ಕೋಲಿನಲ್ಲಿ ತುದಿಯಿಂದ ಎಷ್ಟು ಕೆಳಗೆ ಬರುತ್ತದೋ ಮರಳು ಅಷ್ಟು ಇಳಿದಿದೆ ಎಂದರ್ಥ. ಹೀಗೇ ಹೆಜ್ಜೆ ಹೆಜ್ಜೆಗೂ ಬರೆದುಕೊಂಡರೆ ತೀರದ ಅಡ್ಡನೋಟ ಸಿಗುತ್ತದೆ. ಆದರೆ ಒಂದೇ ಸಲ ಅಳೆದು "ಕಡಲು ತಿಂದುಬಿಟ್ಟಿದೆ" ಅಂತ ಬರೆಯುವ ಮಕ್ಕಳಿಗೆ ನಾನು ಅಂಕ ಕೊಡುವುದಿಲ್ಲ. ಬಿರುಸಿನ ಕಾಲದ ಅಲೆ ಒಯ್ದ ಮರಳನ್ನು ಶಾಂತ ಕಾಲದ ಅಲೆ ವಾಪಸ್ ತರಬಹುದು. ಅದೇ ಜಾಗದಲ್ಲಿ, ಇಳಿತದ ಹೊತ್ತಿನಲ್ಲಿ, ಎರಡೂ ಕಾಲದಲ್ಲಿ ಅಳೆಯಬೇಕು.

ಮರಳು ತೀರದ ಉದ್ದಕ್ಕೂ ನಡೆಯುತ್ತದೆ ಎನ್ನುವುದು ಮಕ್ಕಳಿಗೆ ಬೇಗ ಹಿಡಿಸುವುದಿಲ್ಲ. ಅಲೆ ಓರೆಯಾಗಿ ಏರುತ್ತದೆ, ನೀರು ನೇರ ಕೆಳಗೆ ಜಾರುತ್ತದೆ. ಪ್ರತಿ ಸಲವೂ ಕಾಳು ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ. ಇದನ್ನು ನಂಬಿಸಲು ಚೆನ್ನೈನ ಉಪಗ್ರಹ ಚಿತ್ರ ತೋರಿಸಿದರೆ ಸಾಕು. ಅಲ್ಲಿ ಮರಳಿನ ನಡಿಗೆ ಒಟ್ಟಾರೆ ಉತ್ತರಕ್ಕೆ. 19ನೇ ಶತಮಾನದಲ್ಲಿ ಬಂದರು ಕಟ್ಟಿ ಕಡಲಿಗೆ ಗೋಡೆ ಚಾಚಿದ ಮೇಲೆ ದಕ್ಷಿಣದಲ್ಲಿ ಮರೀನಾ ಬೀಚ್ ಅಗಲವಾಯಿತು, ಉತ್ತರದ ರಾಯಪುರಂ ಕಡೆ ಕೊರೆತ ಶುರುವಾಯಿತು. ಒಂದೇ ಗೋಡೆ, ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ. ಹಾಗಾಗಿ ತಡೆಗೋಡೆ ಕಂಡಾಗ ನಾನು ಅದರ ಮುಂದೆ ನಿಲ್ಲುವುದಿಲ್ಲ, ಅದು ಮುಗಿಯುವ ತುದಿಯಾಚೆ ಹೋಗಿ ಅಳೆಯುತ್ತೇನೆ.

"ತೀರದ ಮರಳು, ಕಲ್ಲು ತೆಗೆದರೇನು, ಕಡಲು ಮತ್ತೆ ತಂದು ಹಾಕುತ್ತದೆ" ಎನ್ನುವ ಮಾತು ಎಲ್ಲ ಕಡೆಯೂ ಕೇಳಿಬರುತ್ತದೆ. ಇಂಗ್ಲೆಂಡಿನ ಹಾಲ್‌ಸ್ಯಾಂಡ್ಸ್‌ನಲ್ಲೂ ಇದೇ ಲೆಕ್ಕ ಹಾಕಿದ್ದರು. ನೌಕಾಪಡೆಯ ಹಡಗುಕಟ್ಟೆ ವಿಸ್ತರಿಸಲು 1897ರಿಂದ ಆ ಊರಿನ ಮುಂದಿನ ಕಡಲ ತಳದಿಂದ ಉರುಟು ಕಲ್ಲು ಎತ್ತಿದರು. ಊರವರು ತಕರಾರು ಎತ್ತಿದ ಮೇಲೆ 1902ರಲ್ಲಿ ಕೆಲಸ ನಿಂತಿತು. ಅಷ್ಟರಲ್ಲಿ ತೀರ ತಗ್ಗಿತ್ತು. 1917ರ ಜನವರಿಯ ಬಿರುಗಾಳಿಗೆ ಊರೇ ಹೋಯಿತು. ಆ ಕಲ್ಲು ಹಿಮಯುಗ ಮುಗಿದು ಕಡಲು ಏರಿದಾಗ ಬಂದು ಸೇರಿದ ಹಳೆಯ ದಾಸ್ತಾನು. ಹೊಸದಾಗಿ ತರುವ ಹೊಳೆ ಯಾವುದೂ ಅಲ್ಲಿರಲಿಲ್ಲ. ಅದಕ್ಕೇ ತೀರದ ಕಲ್ಲುಗಳನ್ನು ಮೇಲಿಂದ ತಂದ ಹೊಳೆಯ ಕಲ್ಲುಗಳ ಪಕ್ಕ ಇಟ್ಟು ಬಣ್ಣ, ಜಾತಿ ಹೋಲಿಸಲು ಹೇಳುತ್ತೇನೆ. ಹೊಂದಿದರೆ ಅದೇ ಹೊಳೆ ತಂದಿರಬಹುದು. ಹೊಂದದಿದ್ದರೆ ನಕ್ಷೆ ಬಿಡಿಸಿಕೊಂಡು ಮೂಲ ಬೇರೆ ಕಡೆ ಹುಡುಕಬೇಕು.