ಐವತ್ತು ದಾಟಿದ ಮೇಲೂ ಪಿಚಿಂಗ್: ನನ್ನ ಸಾಫ್ಟ್‌ಬಾಲ್ ಅನುಭವ

ಸಾಫ್ಟ್‌ಬಾಲ್ ಆಡುತ್ತೇನೆ ಅಂದರೆ ನಮ್ಮ ಕಡೆ ಮೊದಲು ಬರುವ ಪ್ರಶ್ನೆ, "ಅದು ಬೇಸ್‌ಬಾಲ್ ತರಾನಾ?" ಹೌದು, ಹೆಚ್ಚುಕಮ್ಮಿ ಅದೇ. ಮೈದಾನ ಚಿಕ್ಕದು, ಓಡುತ್ತಾ ಮುಟ್ಟಬೇಕಾದ ಬೇಸ್‌ನಿಂದ ಬೇಸ್‌ಗೆ 60 ಅಡಿ, ಆಟ ಏಳು ಇನ್ನಿಂಗ್ಸ್, ಪಿಚರ್, ಅಂದರೆ ಕ್ರಿಕೆಟ್‌ನ ಬೌಲರ್ ಇದ್ದ ಹಾಗೆ, ಚೆಂಡನ್ನು ಸೊಂಟದ ಕೆಳಗಿನಿಂದ ಎಸೆಯಬೇಕು. ಕೆಳಗಿನಿಂದ ಅಂದ ತಕ್ಷಣ ಕ್ರಿಕೆಟ್ ಆಡೋರಿಗೆ ನಗು ಬರುತ್ತೆ. ನಗಲಿ ಬಿಡಿ. ಹೆಂಗಸರ ಆಟದಲ್ಲಿ ಪಿಚರ್‌ಗೂ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್‌ಗೂ ನಡುವೆ ಇರೋದು 43 ಅಡಿ, ಕ್ರಿಕೆಟ್ ಪಿಚ್‌ನ ಮೂರನೇ ಎರಡು ಭಾಗದಷ್ಟು. ಚೆಂಡು ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಬಂದರೆ ಬ್ಯಾಟ್ ಹಿಡಿದವರಿಗೆ ಸಿಗೋದು ಸುಮಾರು ಅರ್ಧ ಸೆಕೆಂಡು. ಅಷ್ಟರಲ್ಲಿ ನೋಡಬೇಕು, ಬಿಡೋದೋ ಹೊಡೆಯೋದೋ ಅಂತ ತೀರ್ಮಾನ ಮಾಡಬೇಕು, ಬ್ಯಾಟ್ ಬೀಸಬೇಕು.

ನಾನು ಶುರು ಮಾಡಿದ್ದು ಎಂಬತ್ತರ ದಶಕದ ಕೊನೆಯಲ್ಲಿ, ಕಾಲೇಜಿನಲ್ಲಿ. ಅಂತರ ಕಾಲೇಜು ಟೂರ್ನಿಗೆ ತಂಡ ಬೇಕಿತ್ತು. ಖೋಖೋ ಆಡೋರು, ಹ್ಯಾಂಡ್‌ಬಾಲ್ ಆಡೋರು, ಸುಮ್ನೆ ಗ್ರೌಂಡಿನಲ್ಲಿ ಕೂತಿದ್ದೋರು, ಹೀಗೆ ಒಂಬತ್ತು ಜನರನ್ನು ನಮ್ಮ ಪಿ.ಟಿ. ಮೇಷ್ಟ್ರು ಒಟ್ಟು ಹಾಕಿದರು. ಗೋಣಿಚೀಲಕ್ಕೆ ಮರಳು ತುಂಬಿ ಹೊಲಿದರೆ ಬೇಸ್ ಆಯಿತು. ಗ್ಲೌಸ್ ಎಲ್ಲರಿಗೂ ಇರಲಿಲ್ಲ. ಎದುರಾಳಿಗಳು ಫೀಲ್ಡಿಂಗ್ ಮುಗಿಸಿ ನೆಲದ ಮೇಲೆ ಬಿಟ್ಟು ಹೋದ ಗ್ಲೌಸನ್ನೇ ನಾವು ಹಾಕಿಕೊಂಡು ಓಡುತ್ತಿದ್ದೆವು. ಒಳಗೆ ಅವರ ಕೈ ಬೆವರು ಇನ್ನೂ ಬಿಸಿಯಾಗಿರುತ್ತಿತ್ತು. ಪಿಚಿಂಗ್ ದೂರ ಆಗ 40 ಅಡಿಯೇ, 43 ಆಗಿದ್ದು ಆಮೇಲೆ.

ನಾನು ಪಿಚರ್ ಆಗಿದ್ದು ಎತ್ತರ ಇದ್ದೆ ಅನ್ನೋ ಒಂದೇ ಕಾರಣಕ್ಕೆ. ನಾವು ಎಸೆಯೋ ಶೈಲಿಗೆ ವಿಂಡ್‌ಮಿಲ್ ಅಂತಾರೆ, ಅಂದರೆ ಕೈಯನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ತೊಡೆಯ ಪಕ್ಕದಲ್ಲಿ ಚೆಂಡು ಬಿಡೋದು. ಹೊಸಬರೆಲ್ಲ ತೋಳಿನಿಂದ ಎಸೆಯೋಕೆ ನೋಡುತ್ತಾರೆ, ಭುಜ ಬಿಗಿ ಹಿಡಿಯುತ್ತಾರೆ. ಶಕ್ತಿ ಬರೋದು ಕಾಲಿನಿಂದ. ಬಲಗೈಯವರಾದರೆ ಎಡಗಾಲನ್ನು ದೊಡ್ಡದಾಗಿ ಮುಂದಕ್ಕೆ ಇಡಬೇಕು, ಕೈ ತಲೆ ಮೇಲೆ ಬಂದಾಗ ಮೈ ಪೂರ್ತಿ ಪಕ್ಕಕ್ಕೆ ತಿರುಗಿರಬೇಕು, ಮುಂದಿಟ್ಟ ಕಾಲು ಗಟ್ಟಿಯಾಗಿ ನಿಂತು ಮೈಯನ್ನು ತಡೆಯಬೇಕು. ಮೈ ಅಲ್ಲಿ ನಿಂತರೆ ಕೈ ತಾನಾಗಿ ಹಾರುತ್ತೆ. ಮುಂಗೈ ಸೊಂಟಕ್ಕೆ ಸವರಿಕೊಂಡು ಹೋಗುತ್ತೆ, ಆ ಸವರುವಿಕೆ ಇಲ್ಲದಿದ್ದರೆ ಚೆಂಡು ಎಲ್ಲೋ ಹೋಗುತ್ತೆ. ಕೊನೆಗೆ ಒದ್ದೆ ಕೈ ಕೊಡವಿದ ಹಾಗೆ ಮಣಿಕಟ್ಟು ಕೊಡವಬೇಕು. ನಾನು ಹಾಸ್ಟೆಲ್ ಗೋಡೆ ಎದುರು ಮಂಡಿಯೂರಿ ಕೂತು, ತೋಳು ಆಡಿಸದೆ, ಬರೀ ಮಣಿಕಟ್ಟಿನಿಂದ ಚೆಂಡು ಎಸೆಯುತ್ತಿದ್ದೆ. ವಾರ್ಡನ್ ಬೈದರೆ ಟವೆಲ್ಲನ್ನು ಗಂಟು ಕಟ್ಟಿ ಬೀಸುತ್ತಿದ್ದೆ, ಅದಕ್ಕೆ ಸದ್ದಿಲ್ಲ ನೋಡಿ.

ವಯಸ್ಸಿನಲ್ಲಿ ನನ್ನ ಆಟವೆಲ್ಲ ರೈಸ್ ಬಾಲ್ ಮೇಲೆ. ಚೆಂಡು ಹಿಮ್ಮುಖವಾಗಿ ತಿರುಗುತ್ತಾ ಬಂದಾಗ ಬೀಳಬೇಕಾದಷ್ಟು ಬೀಳೋದಿಲ್ಲ, ಆದ್ದರಿಂದ ಬ್ಯಾಟರ್ ಕಣ್ಣಿಗೆ ಜಿಗಿದ ಹಾಗೆ ಕಾಣುತ್ತೆ, ಬ್ಯಾಟು ಅದರ ಕೆಳಗೇ ಬೀಸಿ ಹೋಗುತ್ತೆ. ಆದರೆ ಅದಕ್ಕೆ ವೇಗ ಬೇಕು. ಮದುವೆ, ಮಗು, ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ ಕೆಲಸ, ಇದೆಲ್ಲ ಆದ ಮೇಲೆ ಮೂವತ್ತೈದರ ಹೊತ್ತಿಗೆ ನನ್ನ ರೈಸ್ ಬಾಲ್ ಎದೆಮಟ್ಟಕ್ಕೆ ಬಂದು ಆರಾಮಾಗಿ ಹೊಡೆಸಿಕೊಳ್ಳೋಕೆ ಶುರುವಾಯಿತು. ಆಗ ಡ್ರಾಪ್ ಬಾಲ್‌ಗೆ ಬಂದೆ. ಬೆರಳು ಚೆಂಡಿನ ಹಿಂದಿನಿಂದ ಮೇಲಕ್ಕೆ ಜಾರಿ ಬಿಡಬೇಕು, ಚೆಂಡು ಮುಂದಕ್ಕೆ ಉರುಳುತ್ತಾ ಬಂದು ಪ್ಲೇಟ್ ಹತ್ತಿರ ಕುಸಿಯುತ್ತೆ. ಬ್ಯಾಟರ್ ಅದರ ತಲೆಗೆ ಹೊಡೆಯುತ್ತಾಳೆ, ಚೆಂಡು ನೆಲದ ಮೇಲೆ ಉರುಳುತ್ತೆ, ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಎತ್ತಿ ಫಸ್ಟ್ ಬೇಸ್‌ಗೆ ಎಸೆದರೆ ಆಯಿತು. ಸ್ಟ್ರೈಕೌಟ್ (ಚೆಂಡು ಹೊಡೆಯಲಾಗದೆ ಔಟಾಗೋದು) ಕಮ್ಮಿ, ಇಂಥ ಔಟ್ ಜಾಸ್ತಿ. ಈಗ ನನ್ನ ಹೊಟ್ಟೆಪಾಡು ಚೇಂಜ್-ಅಪ್, ಅಂದರೆ ಜೋರಾಗಿ ಬರೋ ಹಾಗೆ ತೋರಿಸಿ ನಿಧಾನವಾಗಿ ಬಿಡುವ ಚೆಂಡು. ಚೆಂಡನ್ನು ಅಂಗೈ ಒಳಗೆ ಆಳವಾಗಿ ಹಿಡಿದು, ಹಿಂಗೈ ಮುಂದೆ ಮಾಡಿ ಬಿಡುತ್ತೇನೆ. ಕೈ ಮಾತ್ರ ಅದೇ ಜೋರಿನಲ್ಲಿ ತಿರುಗಬೇಕು. ಕೈ ಸ್ವಲ್ಪ ನಿಧಾನ ಆಯಿತೋ, ಹದಿನಾರರ ಹುಡುಗಿಗೂ ಗೊತ್ತಾಗಿಬಿಡುತ್ತೆ.

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಯುಕಿಕೊ ಉಯೆನೊ ಎರಡು ದಿನದಲ್ಲಿ ಮೂರು ಪಂದ್ಯ ಆಡಿ 413 ಪಿಚ್ ಎಸೆದು ಫೈನಲ್‌ನಲ್ಲಿ ಅಮೆರಿಕವನ್ನು ಸೋಲಿಸಿದ್ದರು. ಅದಾದ ಮೇಲೆ ಒಲಿಂಪಿಕ್ಸ್‌ನಿಂದ ಸಾಫ್ಟ್‌ಬಾಲನ್ನೇ ತೆಗೆದರು. 2021ರಲ್ಲಿ ಟೋಕಿಯೊದಲ್ಲಿ ಆಟ ಮತ್ತೆ ಬಂದಾಗ ಫೈನಲ್‌ನಲ್ಲಿ ಎಸೆಯೋಕೆ ನಿಂತಿದ್ದು ಅದೇ ಉಯೆನೊ, 39ನೇ ವಯಸ್ಸಿನಲ್ಲಿ, ಎದುರಿಗೆ ಮತ್ತದೇ ಅಮೆರಿಕ. ಆ ಪಂದ್ಯವನ್ನೂ ಜಪಾನ್ ಗೆದ್ದಿತು. ನಾನು ಫೋನಿನಲ್ಲಿ ನೋಡುತ್ತಾ ಅವರ ಮುಂಗಾಲನ್ನೇ ಗಮನಿಸುತ್ತಿದ್ದೆ.

ಕೆಳಗಿನಿಂದ ಎಸೆದರೆ ಭುಜಕ್ಕೆ ಏನೂ ಆಗೋದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಭುಜದ ಮುಂಭಾಗ, ತೋಳಿನ ಸ್ನಾಯು ಸೇರುವ ಜಾಗ, ಅಲ್ಲಿ ನೋವು ಶುರುವಾಗುತ್ತೆ. ನೋವು ಬಂದ ದಿನ ನಾನು ಎಸೆಯೋದಿಲ್ಲ. ಹುಡುಗಿಯರಿಗೂ ಅದೇ ನಿಯಮ, ಫೈನಲ್ ಇದ್ದರೂ ಅಷ್ಟೇ.

ಶಾಲೆಯಲ್ಲಿ ಕಲಿಸುವಾಗ ಮಜಾ ಇರೋದು ಕ್ರಿಕೆಟ್ ಆಡಿ ಬಂದ ಮಕ್ಕಳದ್ದು. ಚೆಂಡು ಹೊಡೆದು ಬ್ಯಾಟ್ ಹಿಡಿದುಕೊಂಡೇ ಫಸ್ಟ್ ಬೇಸ್‌ಗೆ ಓಡುತ್ತಾರೆ. "ಬ್ಯಾಟ್ ಬಿಡೇ!" ಅಂತ ಕೂಗಿದರೆ ನಿಂತು ತಿರುಗಿ, "ಎಲ್ಲಿ ಇಡ್ಲಿ ಮಿಸ್?" ಅನ್ನುತ್ತಾರೆ. ಹೊಡೆದ ಮೇಲೆ ಓಡಲೇಬೇಕು, ಕ್ರೀಸಿನಲ್ಲೇ ನಿಲ್ಲೋ ಹಾಗಿಲ್ಲ ಅನ್ನೋದು ತಲೆಗೆ ಹೋಗೋಕೆ ಒಂದು ವಾರ ಬೇಕು. ಗ್ಲೌಸ್ ಇನ್ನೂ ಕಷ್ಟ. ಎಡಗೈಯಲ್ಲಿ ಗ್ಲೌಸ್ ಇದ್ದರೂ ಬಲಗೈಯಿಂದಲೇ ಕ್ಯಾಚ್ ಹಿಡಿಯೋಕೆ ಹೋಗುತ್ತಾರೆ. ಚೆಂಡಿನ ಸುತ್ತಳತೆ 12 ಇಂಚು, ಗಟ್ಟಿ ಚರ್ಮದ್ದು, ಬೆರಳು ಊದುತ್ತೆ.

ಶುರು ಮಾಡೋರು ಇದ್ದರೆ ಮೊದಲು ಗ್ಲೌಸ್ ತಗೊಳ್ಳಿ, ಬ್ಯಾಟ್ ಯಾರದ್ದಾದರೂ ಆಗುತ್ತೆ. ಬಲಗೈಯಲ್ಲಿ ಎಸೆಯೋರಿಗೆ ಎಡಗೈ ಗ್ಲೌಸ್, ಅಂಗಡಿಯವರು ಎಷ್ಟೋ ಸಲ ಉಲ್ಟಾ ಕೊಟ್ಟುಬಿಡುತ್ತಾರೆ. ಮೀರತ್, ಜಲಂಧರ್‌ನ ಸಾಮಾನೇ ಸಾಕು. ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ನ ಮಾಸ್ಕ್‌ಗೆ ಮಾತ್ರ ದುಡ್ಡು ಉಳಿಸೋಕೆ ಹೋಗಬೇಡಿ.